ದಾವಣಗೆರೆ ಸೀಮೆಯ ವಲಸೆ ಮತ್ತು ಜನಸಮುದಾಯಗಳ ಇತಿಹಾಸ

ತುಂಗಭದ್ರೆಯ ಬಲದಂಡೆಯ ಮೇಲಿನ ಹರಿಹರ, ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆ, ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯ ಮೇಲೆ ಸಿಗುವ ಹೋಬಳಿ ಊರು ಆನಗೋಡು. ಈ ಮೂರೂ ಊರುಗಳನ್ನು ಒಂದೇ ದಾರಿ ಪೋಣಿಸುತ್ತದೆ. ಮಲೆನಾಡು, ಬಯಲುಸೀಮೆ, ಹಿಂದಿನ ಮುಂಬೈ ಕರ್ನಾಟಕ ಮೂರೂ ಸಂಧಿಸುವ ಈ ಜಾಗದಲ್ಲಿ ಶತಮಾನಗಳಿಂದ ಜನ ಬಂದು ನೆಲೆಸಿದ್ದಾರೆ. ಒಕ್ಕಲುತನ ಮಾಡಿಕೊಂಡಿದ್ದ ಹಳೆಯ ಸಮುದಾಯಗಳ ಜೊತೆಗೆ ಮರಾಠರು, ಮುಸ್ಲಿಮರು, ಭಾವಸಾರರು, ಮಾರ್ವಾಡಿಗಳು, ಲಂಬಾಣಿಗರು, ಹಕ್ಕಿಪಿಕ್ಕಿಗಳು, ಆಂಧ್ರದ ರೈತರು ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಕಾರಣಕ್ಕೆ ಇಲ್ಲಿನವರಾದರು. ಬಂದವರೆಲ್ಲರಿಗೂ ಒಂದೇ ಬಗೆಯ ಸ್ವಾಗತ ಸಿಗಲಿಲ್ಲ ಎಂಬುದೇ ಈ ಚರಿತ್ರೆಯ ಮುಖ್ಯ ಸಂಗತಿ.

ಹರಿಹರ ಹಳೆಯದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಅದನ್ನು ಕ್ಷೇತ್ರವನ್ನಾಗಿ ಮಾಡಿತು. ದಾವಣಗೆರೆ ಹಾಗಲ್ಲ. ಹದಿನೆಂಟನೆಯ ಶತಮಾನದ ನಡುವಿನವರೆಗೂ ಅದು ಬೇತೂರಿಗೆ ಸೇರಿದ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆಕರೆದು ಕೂರಿಸಿದ. ಆತನಿಗೆ ವಾರಸುದಾರರಿರಲಿಲ್ಲ, ಆದರೂ ಅವನ ನಂತರ ಟಿಪ್ಪು ಆ ಪೇಟೆಯನ್ನು ಕೈಬಿಡಲಿಲ್ಲ. ಮುಸ್ಲಿಂ ದೊರೆ, ಮರಾಠ ಜಹಗೀರುದಾರ, ಬಹುಪಾಲು ಲಿಂಗಾಯತ ವರ್ತಕರು, ಕಂಬಳಿ ನೇಯುವ ಕುರುಬರು: ದಾವಣಗೆರೆ ಪೇಟೆ ಹುಟ್ಟಿದ್ದೇ ಹೀಗೆ. ಶುದ್ಧ ಸ್ಥಳೀಯರದೆಂದು ಹೇಳಿಕೊಳ್ಳಬಹುದಾದ ದಾವಣಗೆರೆ ಎಂದೂ ಇರಲಿಲ್ಲ.

ಆ ಪೇಟೆಯ ಪ್ರಾಣ ಕಂಬಳಿ. ಸುತ್ತಲಿನ ಹಳ್ಳಿಗಳ ಕುರಿಯುಣ್ಣೆಯಿಂದ ನೇಯ್ದ ಕಂಬಳಿಗಳಲ್ಲಿ ಕೆಲವು ಎಷ್ಟು ನಯವಾಗಿದ್ದವೆಂದರೆ ಒಂದೊಂದಕ್ಕೆ 200ರಿಂದ 300 ರೂಪಾಯಿ ಬೆಲೆಯಿತ್ತೆಂದು ಹತ್ತೊಂಬತ್ತನೆಯ ಶತಮಾನದ ಗೆಜೆಟಿಯರ್ ದಾಖಲಿಸಿದೆ. ಅಂದಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಮಲೆನಾಡಿನ ನಗರ ಸೀಮೆಯ ಅಡಿಕೆ, ಮೆಣಸು ಇಲ್ಲಿಂದ ಆರ್ಕಾಟಿನ ವಾಲಾಜಾಪೇಟೆಗೆ ಹೋಗುತ್ತಿದ್ದವು. ಬರುವಾಗ ಉಪ್ಪು, ಕಡಲಾಚೆಯ ಸರಕು ಬರುತ್ತಿತ್ತು. ಈ ಸರಕನ್ನೆಲ್ಲ ಹೊತ್ತದ್ದು ಹೇರೆತ್ತುಗಳು.

ಹೇರೆತ್ತುಗಳ ಮಾತು ಬಂದ ಮೇಲೆ ಲಂಬಾಣಿಗರ ಮಾತು ಬರಲೇಬೇಕು. ಬಂಜಾರರೆಂದೂ ಕರೆಯುವ ಇವರು ವಾಯವ್ಯ ಭಾರತದಿಂದ ದಕ್ಷಿಣಕ್ಕೆ ಇಳಿದದ್ದು ದಂಡಿನ ಜೊತೆಗೆ. ಮೊಘಲರ ಪಾಳೆಯಕ್ಕೂ ಮುಂದೆ ಬ್ರಿಟಿಷರ ಪಾಳೆಯಕ್ಕೂ ದವಸ ಹೊತ್ತವರು ಅವರೇ. ಅವರ ಸಂತ ಸೇವಾಲಾಲ್ ಹುಟ್ಟಿದ್ದು 1739ರ ಫೆಬ್ರವರಿ 15ರಂದು, ಇಂದಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಎಂಬುದು ಸಮುದಾಯದ ನಂಬಿಕೆ. ಪ್ರತಿ ಫೆಬ್ರವರಿಯಲ್ಲಿ ಮಾಲೆ ಧರಿಸಿದ ಭಕ್ತರು ನಾಡಿನ ಮೂಲೆಮೂಲೆಯ ತಾಂಡಾಗಳಿಂದ ಅಲ್ಲಿಗೆ ನಡೆದು ಬರುತ್ತಾರೆ. ತಾಂಡಾಕ್ಕೆ ನಾಯಕ, ಕಾರಭಾರಿ ಇದ್ದಾರೆ. ಮನೆಯೊಳಗೆ ಗೋರ್‌ಬೋಲಿ, ಹೊರಗೆ ಕನ್ನಡ. ವಯಸ್ಸಾದ ಹೆಂಗಸರ ಕಾಂಚಳಿ ಎಂಬ ರವಿಕೆಯನ್ನು ಹತ್ತಿರದಿಂದ ನೋಡಬೇಕು: ಕನ್ನಡಿ ಚೂರು, ಕವಡೆ, ಬಣ್ಣದ ದಾರಗಳ ಕಸೂತಿಯಿಂದ ಬಟ್ಟೆಯೇ ಮರೆಯಾಗಿರುತ್ತದೆ. ತಾಯಿಯಿಂದ ಮಗಳು ಕಲಿತ ಆ ಕೈಕೆಲಸ ತಲೆಮಾರುಗಳ ಅಲೆದಾಟವನ್ನು ದಾಟಿ ಉಳಿದಿದೆ.

ರಸ್ತೆಯೂ ರೈಲೂ ಬಂದು ಅವರ ಬದುಕನ್ನು ಕಿತ್ತುಕೊಂಡವು. ಹರಿಹರದ ಬಳಿ ತುಂಗಭದ್ರೆಗೆ 1868ರಲ್ಲಿ ಸೇತುವೆ ಮುಗಿಯಿತು. 1880ರ ದಶಕದ ಕೊನೆಗೆ ಬೆಂಗಳೂರಿನ ರೈಲು ಹರಿಹರ ಮುಟ್ಟಿತು. ಹೇರೆತ್ತಿಗೆ ಕೆಲಸವಿಲ್ಲವಾಯಿತು. ಅದೇ ಹೊತ್ತಿಗೆ ಬ್ರಿಟಿಷ್ ಸರ್ಕಾರ 1871ರ ಅಪರಾಧಿ ಬುಡಕಟ್ಟು ಕಾಯ್ದೆ ತಂದಿತು. 1911ರ ಕಾಯ್ದೆಯಿಂದ ಅದು ದಕ್ಷಿಣಕ್ಕೂ ಹಬ್ಬಿತು. ಹಲವು ಅಲೆಮಾರಿ ಸಮುದಾಯಗಳ ಜೊತೆ ಲಂಬಾಣಿಗರೂ ಅನೇಕ ಕಡೆ ಆ ಪಟ್ಟಿಗೆ ಬಿದ್ದರು. ಮಾಡಿದ ತಪ್ಪಿಗಲ್ಲ, ಹುಟ್ಟಿದ ಕುಲಕ್ಕೇ ಅಪರಾಧಿ ಎಂಬ ಮುದ್ರೆ. ಸ್ವತಂತ್ರ ಭಾರತ 1952ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿತು, ಅಂಟಿದ ಶಂಕೆ ಮಾತ್ರ ಬೇಗ ಹೋಗಲಿಲ್ಲ.

ಹುಟ್ಟಿನ ಆಧಾರದ ಮೇಲೆ ಕಾನೂನು ಮಾಡುವ ಈ ಪದ್ಧತಿ ಇಲ್ಲಿಗಷ್ಟೇ ಸೀಮಿತವಲ್ಲ. ವರ್ಜೀನಿಯಾಕ್ಕೆ 1619ರಲ್ಲಿ ಆಫ್ರಿಕನ್ನರನ್ನು ತಂದಿಳಿಸಲಾಯಿತು. ಅಲ್ಲಿ 1662ರಲ್ಲಿ ಮಾಡಿದ ಕಾನೂನಿನ ಪ್ರಕಾರ ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಅಮೆರಿಕ ಸ್ವತಂತ್ರವಾದ ಮೇಲೂ 1790ರ ಪೌರತ್ವ ಕಾಯ್ದೆ ವಲಸೆ ಬಂದವರಲ್ಲಿ ಸ್ವತಂತ್ರ ಬಿಳಿಯರಿಗಷ್ಟೇ ಪ್ರಜೆಯಾಗುವ ಹಕ್ಕು ಕೊಟ್ಟಿತು. ಅಲ್ಲಿ ಬಣ್ಣ ಮಾಡಿದ ಕೆಲಸವನ್ನು ಇಲ್ಲಿ ಜಾತಿ ಮಾಡಿತು. ಎರಡೂ ಕಡೆಯ ಕಥೆಗೂ ಹತ್ತಿಯ ನಂಟಿದೆ. ಅಮೆರಿಕದ ಗುಲಾಮರು ಬೆಳೆಯುತ್ತಿದ್ದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಬಿತ್ತಿಸಲಾಯಿತು. 1861ರಿಂದ 1865ರ ಅಂತರ್ಯುದ್ಧದಲ್ಲಿ ಅಮೆರಿಕದ ಹತ್ತಿ ನಿಂತಾಗ ಈ ಭಾಗದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು.

ದಾವಣಗೆರೆಯನ್ನು ನಗರ ಮಾಡಿದ್ದೂ ಹತ್ತಿಯೇ. ಕಳೆದ ಶತಮಾನದ ಮೊದಲರ್ಧದಲ್ಲಿ ಜಿನ್ನಿಂಗ್ ಕಾರ್ಖಾನೆಗಳೂ ಬಟ್ಟೆ ಗಿರಣಿಗಳೂ ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಸುತ್ತಲ ಬರದ ಹಳ್ಳಿಗಳಿಂದ, ಬಳ್ಳಾರಿ, ಧಾರವಾಡದ ಕಡೆಯಿಂದ ಜನ ಗಿರಣಿಗೆ ಬಂದರು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ ಲೇತ್ ಯಂತ್ರಗಳನ್ನು ಮಾಡತೊಡಗಿತು. ದುಡಿಯಲು ಬಂದವರು ಸಂಘ ಕಟ್ಟಿದರು. ಗಿರಣಿ ಕಾರ್ಮಿಕರ ನಡುವಿನಿಂದ ಬಂದ ಸಿಪಿಐನ ಪಂಪಾಪತಿಯವರನ್ನು ಶಾಸಕರನ್ನಾಗಿ ವಿಧಾನಸಭೆಗೂ ಕಳಿಸಿದರು. ದಾವಣಗೆರೆಯ ಹೆಸರು ಹೇಳಿದೊಡನೆ ನೆನಪಾಗುವ ಬೆಣ್ಣೆದೋಸೆ ಕೂಡ ವಲಸಿಗರದೇ. ಬೆಳಗಾವಿ ಸೀಮೆಯಿಂದ 1928ರಲ್ಲಿ ಮಕ್ಕಳೊಂದಿಗೆ ಬಂದ ಚೆನ್ನಮ್ಮ ನಾಟಕದ ಥಿಯೇಟರಿನ ಹತ್ತಿರ ರಾಗಿದೋಸೆ ಮಾರತೊಡಗಿದರು. ಮುಂದೆ ಅವರ ಮಕ್ಕಳು ಅಕ್ಕಿ ಹಿಟ್ಟಿಗೆ ಬದಲಾಯಿಸಿ ಬೆಣ್ಣೆ ಹಾಕಿದರು ಎಂಬುದು ಊರಲ್ಲಿ ಬೆಳೆದುಬಂದ ಕಥನ.

ಇದೇ ನಗರದ ಮಂಡಕ್ಕಿ ಭಟ್ಟಿಗಳ ಕಥೆ ಬೇರೆ. ಅಲ್ಲಿ ಹೆಚ್ಚಾಗಿ ಬಡ ಮುಸ್ಲಿಂ ಕುಟುಂಬಗಳು ನಸುಕಿನಲ್ಲೇ ಒಲೆ ಹೊತ್ತಿಸುತ್ತವೆ. ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಕ್ಷಣದಲ್ಲಿ ಅರಳುತ್ತದೆ. ಜರಡಿ ಹಿಡಿದವನ ಮುಖಕ್ಕೆ ಹೊಗೆ, ಬೂದಿ, ಕಾವು ಒಟ್ಟಿಗೆ ಬಡಿಯುತ್ತವೆ. ಊರೆಲ್ಲ ಮಿರ್ಚಿಯೊಂದಿಗೆ ಮಂಡಕ್ಕಿ ತಿನ್ನುತ್ತದೆ, ಭಟ್ಟಿಯವರ ಶ್ವಾಸಕೋಶದ ಬಗ್ಗೆ ಮಾತಾಡುವುದು ಕಡಿಮೆ. ಹಣ ಹಿಡಿದು ಬಂದವರಿಗೆ ಚೌಕಿಪೇಟೆ, ಮಂಡಿಪೇಟೆಗಳಲ್ಲಿ ಜಾಗ ಸಿಕ್ಕಿತು. ರಟ್ಟೆಯನ್ನಷ್ಟೇ ನಂಬಿ ಬಂದವರು ಊರಂಚಿನಲ್ಲಿ ಉಳಿದರು.

1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಜಮೀನು ಕೊಂಡರು. ಕಾಡುಬಿದ್ದ ಬೆದ್ದಲನ್ನು ಸಮ ಮಾಡಿ ಗದ್ದೆ ಮಾಡಿದರು, ನಾಲೆ ಪಕ್ಕದಲ್ಲಿ ಕ್ಯಾಂಪುಗಳು ಹುಟ್ಟಿದವು. ಅವರನ್ನು ಹೊರಗಿನವರೆಂದು ದೂರಿದ್ದೂ ಉಂಟು, ಭತ್ತದ ಬೇಸಾಯ ಅವರಿಂದ ಕಲಿತದ್ದೂ ಉಂಟು. ಆನಗೋಡಿನ ಕಡೆ ಹಾಗಲ್ಲ. ಅಲ್ಲಿ ಬಹುಪಾಲು ಮಳೆಯಾಶ್ರಿತ ಮೆಕ್ಕೆಜೋಳ. ಮಳೆ ಕೈಕೊಟ್ಟ ವರ್ಷ ಜನ ಹೆದ್ದಾರಿಯ ಬಸ್ಸು ಹತ್ತುತ್ತಾರೆ. ಜಿಲ್ಲೆಯ ತಾಂಡಾಗಳಿಂದ ಇಂದಿಗೂ ಕುಟುಂಬಗಳು ಮಕ್ಕಳನ್ನೂ ಕಟ್ಟಿಕೊಂಡು ಮಲೆನಾಡಿನ ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಗುಳೆ ಹೋಗುತ್ತವೆ. ನೂರಾರು ವರ್ಷ ನೆಲೆಸಿದರೂ ತಾಂಡಾದ ಮನೆಗೆ ಹಕ್ಕುಪತ್ರವಿರುತ್ತಿರಲಿಲ್ಲ. ರಾಜ್ಯ ಸರ್ಕಾರ ತಾಂಡಾಗಳನ್ನು ಕಂದಾಯ ಗ್ರಾಮ ಮಾಡಲು ಕಾನೂನು ತಿದ್ದಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ಬಹಳ ತಡವಾದ, ಆದರೆ ನ್ಯಾಯವಾದ ಕೆಲಸ.

ಅಲೆಮಾರಿತನ ಈಗ ಕಡಲು ದಾಟಿದೆ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿಗಳು ಮನೆಯಲ್ಲಿ ವಾಗ್ರಿ ಮಾತಾಡುವ ಜನ. ಬೇಟೆಗೆ ನಿಷೇಧ ಬಿದ್ದ ಮೇಲೆ ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುತ್ತ ಆಫ್ರಿಕದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಕಾಳಗ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಅವರೂ ಇದ್ದರು. ‘ಆಪರೇಷನ್ ಕಾವೇರಿ’ಯ ಮೂಲಕ ಭಾರತ ಸರ್ಕಾರ ಅವರನ್ನು ಊರಿಗೆ ಕರೆತಂದಿತು.