ಗೋರಿಯ ಗಡಿಗೆ

ನಮ್ಮ ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಕಬ್ಬಿಣ ಯುಗದ ಕಲ್ಗೋರಿಗಳಿವೆ, ಮನುಷ್ಯಾಕಾರದ ನಿಲುಗಲ್ಲುಗಳಿವೆ. ಇಂತಹ ಗೋರಿಗಳನ್ನು ನಮ್ಮ ಕಡೆಯ ಜನ ಮೋರೇರ ಮನೆ ಎನ್ನುತ್ತಾರೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಸತ್ತವರ ಮೂಳೆಗಳ ಜೊತೆ ಇವುಗಳೊಳಗೆ ಹೆಚ್ಚಾಗಿ ಇಡುತ್ತಿದ್ದುದು ಬಂಗಾರವಲ್ಲ. ಗಡಿಗೆ, ಬಟ್ಟಲು, ಕಬ್ಬಿಣದ ಆಯುಧ.

ಆ ಗಡಿಗೆಗಳ ಚೆಲುವನ್ನು ನೋಡಿಯೇ ತಿಳಿಯಬೇಕು. ಒಳಗೂ ಬಾಯಂಚಿಗೂ ಕಾಡಿಗೆಗಪ್ಪು, ಹೊರಮೈ ಕೆಂಪು. ಗಾಜಿನ ಲೇಪ ಕೊಟ್ಟಂತೆ ಹೊಳಪು. ಆದರೆ ಅದು ಲೇಪವಲ್ಲ. ನುಣ್ಣನೆಯ ಮಣ್ಣಿನ ನೀರು ಬಳಿದು, ಕಲ್ಲಿನಿಂದ ಉಜ್ಜಿ ಉಜ್ಜಿ ತಂದ ಮೆರುಗು. ಬೋರಲು ಹಾಕಿ ಸುಡುವುದರಿಂದ ಗಾಳಿ ತಾಗದ ಒಳಭಾಗ ಕಪ್ಪಾಗುತ್ತದೆ, ಹೊರಮೈ ಕೆಂಪಾಗುತ್ತದೆ ಎಂದು ತಜ್ಞರು ವಿವರಿಸುತ್ತಾರೆ.

ಇಂತಹ ಚೆಲುವೇ ಗೋರಿಗಳಿಗೆ ಕುತ್ತಾದದ್ದೂ ಉಂಟು. ಚೀನಾದ ತಾಂಗ್ ಅರಸರ ಕಾಲದಲ್ಲಿ (618-907) ಸಿರಿವಂತರ ಗೋರಿಗಳಲ್ಲಿ ಹಸಿರು, ಜೇನುಬಣ್ಣ, ಕೆನೆಬಣ್ಣದ ಗಾಜುಲೇಪದ ಮಣ್ಣಿನ ಕುದುರೆ, ಒಂಟೆಗಳನ್ನು ಇಡುತ್ತಿದ್ದರು. 20ನೆಯ ಶತಮಾನದ ಆರಂಭದಲ್ಲಿ ಲೋಯಾಂಗ್ ಬಳಿ ರೈಲುಹಾದಿಗೆ ನೆಲ ಅಗೆದಾಗ ಅವು ಬಯಲಿಗೆ ಬಂದವು. ಗೋರಿಯ ವಸ್ತು ಅಶುಭವೆಂದು ಅಲ್ಲಿನವರು ದೂರವಿಟ್ಟರೂ ಪರದೇಶದ ಸಂಗ್ರಾಹಕರು ಮರುಳಾಗಿ ಕೊಂಡರು. ಕೊಳ್ಳುವವರು ಹೆಚ್ಚಿದಂತೆ ಗೋರಿ ಅಗೆಯುವವರೂ ನಕಲಿ ಮಾಡುವವರೂ ಹೆಚ್ಚಿದರು. ಈಗ ಎಷ್ಟೋ ಕುದುರೆಗಳು ಗಾಜಿನ ಕಪಾಟಿನಲ್ಲಿವೆ. ಯಾರ ಗೋರಿಯವೆಂದು ಹೇಳುವವರಿಲ್ಲ.

ಸಂಗ್ರಹಿಸುವುದೇ ತಪ್ಪೆಂದು ನಾನು ಹೇಳಲಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯಲ್ಲಿ ಬಂಡೆಗಳನ್ನು ಪರೀಕ್ಷಿಸುತ್ತ ತಿರುಗುವಾಗ ಕಲ್ಲಿನ ಆಯುಧ, ಮಡಕೆಚೂರುಗಳನ್ನು ಆಯ್ದರು. ಅವು ಸಿಕ್ಕ ಊರುಗಳನ್ನೂ ಬರೆದಿಟ್ಟರು. 1904ರಲ್ಲಿ ಆ ಸಂಗ್ರಹ ಮದರಾಸಿನ ವಸ್ತುಸಂಗ್ರಹಾಲಯ ಸೇರಿತು. ಊರಿನ ಹೆಸರು ಇರುವುದರಿಂದಲೇ ಆ ಚೂರುಗಳು ಇಂದಿಗೂ ಮಾತಾಡುತ್ತವೆ.

ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಗೋರಿಯಲ್ಲಿದ್ದಂತಹ ಮಡಕೆಗಳೇ ಜನವಸತಿಯ ಪದರದಲ್ಲೂ ಸಿಕ್ಕವು. ಗೋರಿ ಕಟ್ಟಿದವರ ಮನೆಗಳೂ ಅಲ್ಲೇ ಇದ್ದವೆಂದು ಅದರಿಂದ ತಿಳಿಯಿತು. ಇದನ್ನು ಹೇಳಿದ್ದು ಮಡಕೆಯ ಚೆಲುವಲ್ಲ, ಅದಿದ್ದ ಜಾಗ.

ನಿಧಿಯ ಆಸೆಗೆ ಗೋರಿಯ ಚಪ್ಪಡಿ ಕೀಳುವವರಿಗೆ ಇದು ಬೇಕಿಲ್ಲ. ಬಂಗಾರ ಸಿಗದ ಸಿಟ್ಟಿಗೆ ಗಡಿಗೆ ಒಡೆದು ಹೋಗುತ್ತಾರೆ. ನೆಲದಲ್ಲಿ ಸಿಕ್ಕ ಬೆಲೆಯುಳ್ಳ ಹಳೆಯ ವಸ್ತುವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ 1878ರಲ್ಲೇ ಬಂದಿದೆ. ಆದರೆ ಕಲ್ಗೋರಿಗಳ ಬಳಿ ಕಾವಲುಗಾರರೆಲ್ಲಿ? ಊರಿನವರೇ ಕಾಯಬೇಕು. ಹೊಲದಲ್ಲಿ ಇಂತಹ ಗಡಿಗೆ ಕಂಡರೆ ಎತ್ತದೆ, ತೊಳೆಯದೆ, ತಹಶೀಲ್ದಾರರಿಗೆ ತಿಳಿಸಿರೆಂದು ಮಕ್ಕಳಿಗೆ ಹೇಳಿಕೊಡೋಣ.

ತೀರಿಕೊಂಡವರಿಗೆ ನಾವು ಇಂದಿಗೂ ಎಡೆ ಇಡುತ್ತೇವೆ. ಆ ಗಡಿಗೆಯೂ ಯಾರೋ ತನ್ನವರಿಗೆ ಇಟ್ಟ ಎಡೆಯೆಂದೇ ನನಗನ್ನಿಸುತ್ತದೆ. ಎಡೆಗೆ ಯಾರಾದರೂ ಕೈ ಹಾಕುತ್ತಾರೆಯೇ?