ಲ್ಯಾಬ್ ಸ್ಟ್ರೀಮಿಂಗ್ ಲೇಯರ್

ಲ್ಯಾಬ್ ಸ್ಟ್ರೀಮಿಂಗ್ ಲೇಯರ್, ಸಂಕ್ಷೇಪವಾಗಿ ಎಲ್‌ಎಸ್‌ಎಲ್, ಪ್ರಯೋಗಾಲಯದ ಹಲವು ಉಪಕರಣಗಳಿಂದ ಒಟ್ಟಿಗೆ ಹರಿದುಬರುವ ದತ್ತಾಂಶವನ್ನು ಸ್ಥಳೀಯ ಕಂಪ್ಯೂಟರ್ ಜಾಲದ ಮೂಲಕ ಸಂಗ್ರಹಿಸಿ ಒಂದೇ ಕಾಲರೇಖೆಗೆ ಹೊಂದಿಸುವ ಮುಕ್ತ ತಂತ್ರಾಂಶ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯಲ್ಲಿರುವ ಸ್ವಾರ್ಟ್ಸ್ ಗಣಕ ನರವಿಜ್ಞಾನ ಕೇಂದ್ರದಲ್ಲಿ ಕ್ರಿಶ್ಚಿಯನ್ ಕೋಥೆ ಇದನ್ನು ರೂಪಿಸಿದರು. 2010ರ ದಶಕದ ಮೊದಲ ವರ್ಷಗಳಿಂದ ಬಳಕೆಯಲ್ಲಿರುವ ಇದರ ವಿಸ್ತೃತ ವಿವರಣೆ 2025ರಲ್ಲಿ ‘ಇಮೇಜಿಂಗ್ ನ್ಯೂರೋಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದರ ಮೂಲ ತಂತ್ರಾಂಶ ಲೈಬ್ರರಿಯಾದ ಲಿಬ್‌ಎಲ್‌ಎಸ್‌ಎಲ್ ಅನ್ನು ಸಿ++ ಭಾಷೆಯಲ್ಲಿ ಬರೆದು ಎಂಐಟಿ ಪರವಾನಗಿಯಡಿ ಹಂಚಲಾಗಿದೆ. ಪೈಥಾನ್, ಮ್ಯಾಟ್‌ಲ್ಯಾಬ್, ಸಿ#, ಜಾವಾ ಭಾಷೆಗಳಿಂದಲೂ ಇದನ್ನು ಬಳಸಬಹುದು.

ಹಿನ್ನೆಲೆ

ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇಇಜಿ ಪ್ರಯೋಗಗಳಲ್ಲಿ ಪಾಲ್ಗೊಳ್ಳುವವರನ್ನು ಬಹುಕಾಲ ಅಲುಗದೆ ಕೂರಿಸಲಾಗುತ್ತಿತ್ತು. ಮನುಷ್ಯ ನಡೆಯುವಾಗ, ಕೈಚಾಚುವಾಗ, ಸುತ್ತಮುತ್ತ ನೋಡುವಾಗ ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯಲು ಸ್ಕಾಟ್ ಮೇಕಿಗ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಹೊಸ ವಿಧಾನವೊಂದನ್ನು ಮುಂದಿಟ್ಟರು. ಇಇಜಿಯ ಜೊತೆಗೇ ದೇಹದ ಚಲನೆ, ಕಣ್ಣಿನ ನೋಟ ಮುಂತಾದವನ್ನೂ ದಾಖಲಿಸುವುದು ಅದರ ತಿರುಳು. ಆದರೆ ಈ ಉಪಕರಣಗಳನ್ನು ಬೇರೆ ಬೇರೆ ಕಂಪನಿಗಳು ತಯಾರಿಸುತ್ತವೆ. ಒಂದೊಂದಕ್ಕೂ ಅದರದೇ ತಂತ್ರಾಂಶ, ಅದರದೇ ಗಡಿಯಾರ.

ಯಾವ ಎರಡು ಗಡಿಯಾರಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡಿನ ಅಂತರ ಬೀಳುತ್ತದೆ. ಮುಖವೊಂದನ್ನು ಕಂಡಾಗ ಮಿದುಳಿನಲ್ಲಿ ಏಳುವ ಎನ್170 ಎಂಬ ಅಲೆ ಕಾಣಿಸಿಕೊಳ್ಳುವುದು ಸುಮಾರು 170 ಮಿಲಿಸೆಕೆಂಡಿಗೆ. ಇಂಥ ಅಲೆಗಳು ಬಹಳ ಕ್ಷೀಣವಾದ್ದರಿಂದ ಅನೇಕ ಪುನರಾವರ್ತನೆಗಳ ಸರಾಸರಿ ತೆಗೆದೇ ಅವನ್ನು ಗುರುತಿಸಬೇಕು. ಚಿತ್ರ ತೋರಿಸಿದ ಕ್ಷಣವೇ ಹಿಂದೆಮುಂದೆ ಸರಿದರೆ ಸರಾಸರಿಯಲ್ಲಿ ಅಲೆ ಕದಡಿಹೋಗುತ್ತದೆ. ಹೀಗಾಗಿ ಕಾಲದ ನಿಖರತೆಯಿಲ್ಲದ ದತ್ತಾಂಶ ಎಷ್ಟೇ ಇದ್ದರೂ ಈ ಕ್ಷೇತ್ರದಲ್ಲಿ ಉಪಯೋಗಕ್ಕೆ ಬಾರದು.

ಕಾರ್ಯವಿಧಾನ

ದತ್ತಾಂಶ ಕಳುಹಿಸುವ ತುದಿಗೆ ಔಟ್‌ಲೆಟ್ ಎಂದೂ ಪಡೆಯುವ ತುದಿಗೆ ಇನ್‌ಲೆಟ್ ಎಂದೂ ಹೆಸರು. ಪ್ರತಿ ಔಟ್‌ಲೆಟ್ ತನ್ನ ಹೆಸರು, ದತ್ತಾಂಶದ ಬಗೆ, ಚಾನೆಲ್‌ಗಳ ಸಂಖ್ಯೆ ಮತ್ತು ಮಾದರಿ ದರವನ್ನು, ಅಂದರೆ ಸೆಕೆಂಡಿಗೆ ಎಷ್ಟು ಮಾದರಿಗಳನ್ನು (ಅಳತೆಗಳನ್ನು) ಕಳುಹಿಸುತ್ತದೆ ಎಂಬುದನ್ನು, ತಿಳಿಸುತ್ತದೆ. ಜಾಲದಲ್ಲಿ ಯಾವ ಯಾವ ಹರಿವುಗಳಿವೆ ಎಂಬುದನ್ನು ಯುಡಿಪಿ ಎಂಬ ಜಾಲ ಸಂವಹನ ವಿಧಾನದ ಸಂದೇಶಗಳಿಂದ ಹುಡುಕಿ, ದತ್ತಾಂಶವನ್ನು ಟಿಸಿಪಿ ಎಂಬ ಇನ್ನೊಂದು ವಿಧಾನದ ಮೂಲಕ ಸಾಗಿಸಲಾಗುತ್ತದೆ. ಪರದೆಯ ಮೇಲೆ ಚಿತ್ರ ಮೂಡಿತು, ಗುಂಡಿ ಒತ್ತಲಾಯಿತು ಎಂಬಂಥ ಘಟನೆಗಳನ್ನೂ ಗುರುತುಗಳ ಪ್ರತ್ಯೇಕ ಹರಿವಾಗಿ ಕಳುಹಿಸಬಹುದು. ಇಂಥ ಹರಿವಿಗೆ ನಿಗದಿತ ದರ ಇರುವುದಿಲ್ಲ.

ಪ್ರತಿ ಮಾದರಿಗೂ ಅದನ್ನು ಕಳುಹಿಸುವ ಕಂಪ್ಯೂಟರಿನ ಗಡಿಯಾರದ ಸಮಯವನ್ನು ಲಗತ್ತಿಸಲಾಗುತ್ತದೆ. ಪಡೆಯುವ ಕಂಪ್ಯೂಟರ್ ಕೆಲವು ಸೆಕೆಂಡುಗಳಿಗೊಮ್ಮೆ ಚಿಕ್ಕ ಸಂದೇಶ ಕಳುಹಿಸಿ, ಆ ಗಡಿಯಾರಕ್ಕೂ ತನ್ನದಕ್ಕೂ ಇರುವ ಅಂತರವನ್ನು ಅಳೆಯುತ್ತದೆ. ಸಂದೇಶ ಹೊರಟ, ತಲುಪಿದ, ಉತ್ತರ ಹೊರಟ, ಉತ್ತರ ಬಂದ ನಾಲ್ಕು ಸಮಯಗಳಿಂದ ಈ ಲೆಕ್ಕ ಸಿಗುತ್ತದೆ. ಇಂಟರ್ನೆಟ್ಟಿನ ಗಡಿಯಾರಗಳನ್ನು ಹೊಂದಿಸುವ ಎನ್‌ಟಿಪಿ ಪದ್ಧತಿಯೂ ಇದೇ ತತ್ವದ್ದು. ಹೋಗಿಬರುವ ಎರಡು ದಾರಿಗಳ ವಿಳಂಬ ಸಮವೆಂದು ಭಾವಿಸುವುದರಿಂದ ಉಳಿಯುವ ದೋಷ, ಒಟ್ಟು ವಿಳಂಬದ ಅರ್ಧವನ್ನು ಮೀರುವುದಿಲ್ಲ. ತಂತಿಯ ಜಾಲದಲ್ಲಿ ಇದು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ.

ದಾಖಲೆ

ಲ್ಯಾಬ್‌ರೆಕಾರ್ಡರ್ ಎಂಬ ಸಂಗಾತಿ ತಂತ್ರಾಂಶ ಎಲ್ಲ ಹರಿವುಗಳನ್ನೂ ಎಕ್ಸ್‌ಡಿಎಫ್ ಎಂಬ ಮುಕ್ತ ವಿನ್ಯಾಸದ ಒಂದೇ ಕಡತಕ್ಕೆ ಬರೆಯುತ್ತದೆ. ಎಲ್‌ಎಸ್‌ಎಲ್‌ನ ನಿಜವಾದ ಹಿರಿಮೆ ಇರುವುದು ಇಲ್ಲಿ. ದಾಖಲಿಸುವಾಗ ಅದು ಸಮಯಗಳನ್ನು ತಿದ್ದುವುದಿಲ್ಲ. ಮೂಲ ಸಮಯಗಳನ್ನೂ ಅಳೆದ ಅಂತರಗಳನ್ನೂ ಬೇರೆ ಬೇರೆಯಾಗಿ ಉಳಿಸುತ್ತದೆ. ತಿದ್ದುಪಡಿ ನಡೆಯುವುದು ಕಡತವನ್ನು ವಿಶ್ಲೇಷಣೆಗೆ ತೆರೆದಾಗ. ಮಾದರಿಗಳ ನಡುವಿನ ಸಣ್ಣ ಏರುಪೇರನ್ನೂ ಆಗಲೇ ಸರಿಪಡಿಸಲಾಗುತ್ತದೆ. ಮುಂದೆ ಉತ್ತಮ ಗಣಿತ ವಿಧಾನ ದೊರೆತರೆ, ಇಲ್ಲವೇ ಬೇರೊಬ್ಬ ಸಂಶೋಧಕರಿಗೆ ಸಂದೇಹ ಬಂದರೆ, ಅದೇ ಕಡತದಿಂದ ಲೆಕ್ಕವನ್ನು ಹೊಸದಾಗಿ ಮಾಡಬಹುದು. ಫಲಿತಾಂಶವನ್ನು ಇತರರು ಪರೀಕ್ಷಿಸಿ ನೋಡುವುದೇ ವಿಜ್ಞಾನದ ಆಧಾರವಾದ್ದರಿಂದ ಈ ಎಚ್ಚರಿಕೆಗೆ ದೊಡ್ಡ ಬೆಲೆಯಿದೆ.

ಮಿತಿಗಳು

ದತ್ತಾಂಶ ಕಂಪ್ಯೂಟರನ್ನು ತಲುಪುವ ಮೊದಲೇ ಉಪಕರಣದೊಳಗೆ ಆಗುವ ವಿಳಂಬ ಎಲ್‌ಎಸ್‌ಎಲ್‌ಗೆ ಕಾಣುವುದಿಲ್ಲ. ಪರದೆ, ಧ್ವನಿಫಲಕ, ಬ್ಲೂಟೂತ್ ಸಂಪರ್ಕಗಳೆಲ್ಲ ತಮ್ಮದೇ ವಿಳಂಬ ಸೇರಿಸುತ್ತವೆ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಒಂದು ಚೌಕಟ್ಟು ತಪ್ಪಿದರೇ ಸುಮಾರು 17 ಮಿಲಿಸೆಕೆಂಡು ಹೋಗುತ್ತದೆ. ಆದ್ದರಿಂದ ಪರದೆಯ ಮೂಲೆಗೆ ಬೆಳಕಿನ ಸಂವೇದಕ ಅಂಟಿಸಿ, ಚಿತ್ರ ನಿಜವಾಗಿ ಮೂಡಿದ ಕ್ಷಣವನ್ನು ಅಳೆದು, ಆ ವಿಳಂಬವನ್ನು ಪ್ರತ್ಯೇಕವಾಗಿ ಕಳೆಯಬೇಕು.

ಸಮಾನ ತಂತ್ರಾಂಶಗಳು

ಪ್ರಾಣಿಗಳ ನರಕೋಶಗಳ ಮಿಡಿತ ದಾಖಲಿಸುವವರಲ್ಲಿ ಓಪನ್ ಎಫಿಸ್ ಎಂಬ ತಂತ್ರಾಂಶ ಪ್ರಸಿದ್ಧ. ಇದು ಯಂತ್ರಾಂಶದ ವಿನ್ಯಾಸವನ್ನೂ ಮುಕ್ತವಾಗಿ ಒದಗಿಸುತ್ತದೆ. ಗೊನ್ಸಾಲೊ ಲೋಪೆಸ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಬೋನ್ಸಾಯ್‌ನಲ್ಲಿ ಕ್ಯಾಮೆರಾ, ಸಂವೇದಕಗಳ ಹರಿವುಗಳನ್ನು ಚಿತ್ರರೂಪದಲ್ಲಿ ಜೋಡಿಸಿ ಪ್ರಯೋಗವನ್ನು ನಿಯಂತ್ರಿಸಬಹುದು. ಮಿಲಿಸೆಕೆಂಡಿಗಿಂತ ಸೂಕ್ಷ್ಮವಾದ ಹೊಂದಾಣಿಕೆ ಬೇಕಿರುವ ಇಂಥ ಪ್ರಯೋಗಗಳಲ್ಲಿ, ಎಲ್ಲ ಉಪಕರಣಗಳಿಗೂ ಒಂದೇ ವಿದ್ಯುತ್ ಸಂಕೇತವನ್ನು ತಂತಿಯಲ್ಲಿ ಕಳುಹಿಸುವ ಟಿಟಿಎಲ್ ವಿಧಾನವನ್ನು ಇಂದಿಗೂ ನೆಚ್ಚಲಾಗುತ್ತದೆ. ಉಪಕರಣಗಳ ನಡುವೆ ತಂತಿ ಎಳೆಯಲಾಗದ ಕಡೆ, ಮನುಷ್ಯರು ಓಡಾಡುವ ಪ್ರಯೋಗಗಳಲ್ಲಿ, ಎಲ್‌ಎಸ್‌ಎಲ್ ಹೆಚ್ಚು ಒದಗುತ್ತದೆ.