ಕೊಟ್ಟಿಗೆ ಗೊಬ್ಬರ ಮತ್ತು ರಾಸಾಯನಿಕ ಗೊಬ್ಬರಗಳ ಜಂಟಿ ಬಳಕೆ: ಇತಿಹಾಸ

ಕೊಟ್ಟಿಗೆ ಗೊಬ್ಬರವನ್ನೂ ರಾಸಾಯನಿಕ ಗೊಬ್ಬರವನ್ನೂ ಒಂದೇ ಬೆಳೆಗೆ ಜೊತೆಗೂಡಿಸಿ ಕೊಡುವ ಪದ್ಧತಿ ಹಸಿರು ಕ್ರಾಂತಿಯ ನಂತರ ಹುಟ್ಟಿದ್ದೆಂಬ ಮಾತು ಬಳಕೆಯಲ್ಲಿದೆ. ಪ್ರಯೋಗಗಳ ದಾಖಲೆಗಳು ಇದನ್ನು ಒಪ್ಪುವುದಿಲ್ಲ.

ಸಸ್ಯಗಳ ಖನಿಜ ಪೋಷಣೆಯನ್ನು ಕುರಿತ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್‌ನ ಗ್ರಂಥ ಬಂದದ್ದು 1840ರಲ್ಲಿ. 1843ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಬ್ರಾಡ್‌ಬಾಕ್ ಹೊಲದ ಗೋಧಿ ಪ್ರಯೋಗ ಆರಂಭಿಸಿದರು. ಒಂದು ತಾಕಿಗೆ ವರ್ಷಕ್ಕೆ ಹೆಕ್ಟೇರಿಗೆ 35 ಟನ್ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರ, ಇತರ ತಾಕುಗಳಿಗೆ ಖನಿಜ ಗೊಬ್ಬರ. ಎರಡೂ ಕಡೆ ಇಳುವರಿ ಬಹುಕಾಲ ಹೆಚ್ಚುಕಡಿಮೆ ಸಮನಾಗಿಯೇ ಇತ್ತು. ಹೀಗಾಗಿ ತಿಪ್ಪೆ ಬೇಕಿಲ್ಲ ಎನ್ನುವವರು ಈ ಹೊಲವನ್ನೇ ಸಾಕ್ಷಿಗೆ ಕರೆದರು. ಸಾವಯವ ಕೃಷಿಯ ಪ್ರತಿಪಾದಕ ಆಲ್ಬರ್ಟ್ ಹೊವಾರ್ಡ್ 1940ರ ತಮ್ಮ ಗ್ರಂಥದಲ್ಲಿ ಪ್ರಯೋಗದ ಕ್ರಮವನ್ನೇ ಟೀಕಿಸಿದರು. ವಾದಿಸಿದ ಎರಡು ಕಡೆಯವರೂ ಪಕ್ಕದ ಬಾರ್ನ್‌ಫೀಲ್ಡ್ ಹೊಲದತ್ತ ಸಾಕಷ್ಟು ಗಮನ ಕೊಡಲಿಲ್ಲ. ಅಲ್ಲಿ 1876ರಿಂದ ಬೆಳೆದ ಮೇವಿನ ಗೆಡ್ಡೆಗೆ ಕೊಟ್ಟಿಗೆ ಗೊಬ್ಬರದ ಮೇಲೆ ಸಾರಜನಕ ಗೊಬ್ಬರ ಕೊಟ್ಟ ಪಟ್ಟಿಗಳಿದ್ದವು. ಜಂಟಿ ಬಳಕೆಯ ಇತಿಹಾಸವನ್ನು ಇಲ್ಲಿಂದ ಬರೆಯುವುದೇ ನ್ಯಾಯ. ಬ್ರಾಡ್‌ಬಾಕ್‌ನಲ್ಲಿ ಕೊಟ್ಟಿಗೆ ಗೊಬ್ಬರದ ಜೊತೆ ಸಾರಜನಕ ಸೇರಿಸಿದ್ದು 1968ರಲ್ಲಿ. ಹೊಸ ಗೋಧಿ ತಳಿಗಳಲ್ಲಿ ಆ ಜೋಡಿ ಮೇಲುಗೈ ಪಡೆಯಿತು.

ಭಾರತದಲ್ಲಿ ಕೊಯಮತ್ತೂರಿನ ಶಾಶ್ವತ ಗೊಬ್ಬರ ಪ್ರಯೋಗ 1909ರಷ್ಟು ಹಳೆಯದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1970ರಲ್ಲಿ ಹಲವು ಕೇಂದ್ರಗಳಲ್ಲಿ ದೀರ್ಘಾವಧಿ ಗೊಬ್ಬರ ಪ್ರಯೋಗಗಳನ್ನು ಆರಂಭಿಸಿತು.

ಕರ್ನಾಟಕದ ಮಟ್ಟಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೆಂಪು ಮಣ್ಣೇ ಮುಖ್ಯ ಸಾಕ್ಷಿ. 1978ರಲ್ಲಿ ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ, ಅದರ ಜೊತೆ 50:50:25 ಕಿಲೋ ಸಾರಜನಕ, ರಂಜಕ, ಪೊಟ್ಯಾಷ್ ಕೊಡುವ ಪ್ರಯೋಗ ಶುರುವಾಯಿತು. ದಶಕಗಳ ಸರಾಸರಿಯಲ್ಲಿ ಮುಂದಿದ್ದದ್ದು ಈ ಜೋಡಿಯೇ. 1986ರಿಂದ ನಡೆದ ರಾಗಿ–ಮೆಕ್ಕೆಜೋಳ ಪ್ರಯೋಗದಲ್ಲಿ ಸಾರಜನಕವೊಂದನ್ನೇ ಉಂಡ ತಾಕುಗಳ ಮಣ್ಣು ಹುಳಿಯಾಗಿ ಇಳುವರಿ ಕುಸಿಯಿತು. ಸಮತೋಲಿತ ಗೊಬ್ಬರದ ಜೊತೆ ತಿಪ್ಪೆ ಗೊಬ್ಬರ, ಸುಣ್ಣ ಬಿದ್ದಲ್ಲಿ ಬೆಳೆ ಕೈಬಿಡಲಿಲ್ಲ.

ಕಾರಣ ಸರಳ. ಕೊಟ್ಟಿಗೆ ಗೊಬ್ಬರದ ಸಾವಯವ ಅಂಶ ಮಣ್ಣಿನಲ್ಲಿ ತೇವ ಹಿಡಿಯುತ್ತದೆ, ಹುಳಿಯನ್ನು ತಗ್ಗಿಸುತ್ತದೆ, ಸತುವಿನಂತಹ ಲಘು ಪೋಷಕಾಂಶಗಳನ್ನೂ ತರುತ್ತದೆ. ಆದರೆ 10 ಟನ್‌ನಲ್ಲಿರುವ ಸುಮಾರು 50 ಕಿಲೋ ಸಾರಜನಕದಲ್ಲಿ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು ಮಾತ್ರ. ಉಳಿದ ಕೊರತೆಯನ್ನು ರಾಸಾಯನಿಕ ಗೊಬ್ಬರ ತುಂಬುತ್ತದೆ. ಆದರೆ ಪ್ರತಿ ವರ್ಷ ಅಷ್ಟು ಕೊಟ್ಟಿಗೆ ಗೊಬ್ಬರ ಒದಗಿಸುವಷ್ಟು ದನಗಳು ಇಂದು ಬಹುತೇಕ ರೈತರ ಕೊಟ್ಟಿಗೆಯಲ್ಲಿಲ್ಲ.